ಕಡಲಿಲ್ಲದ ಊರಿನ ಸಮುದ್ರಗಳು

ಮಕ್ಕಳೇ, ಬೆಂಗಳೂರಿನಿಂದ ಕಡಲು ಎಷ್ಟು ದೂರ? ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಟು ಮಂಗಳೂರು ಸೇರಲು ಸುಮಾರು 350 ಕಿ.ಮೀ. ಸಾಗಬೇಕು. ಪೂರ್ವಕ್ಕೆ ಚೆನ್ನೈ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ಸಾಲದ್ದಕ್ಕೆ ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹೀಗಿದ್ದರೂ ಬೆಂಗಳೂರಿನ ಸುತ್ತ ಹತ್ತಾರು ಊರುಗಳ ಹೆಸರಿನಲ್ಲಿ ಸಮುದ್ರ ಅಡಗಿ ಕುಳಿತಿದೆ. ನಂಬಿಕೆ ಬರಲಿಲ್ಲವೇ?

ಎಲೆಕ್ಟ್ರಾನಿಕ್ ಸಿಟಿಯ ಕಡೆ ಬೊಮ್ಮಸಂದ್ರ, ಸಿಂಗಸಂದ್ರ ಇವೆ. ಪೀಣ್ಯದ ಕಡೆ ಚೊಕ್ಕಸಂದ್ರ, ಮಲ್ಲಸಂದ್ರ ಇವೆ. ಈ 'ಸಂದ್ರ' ಎಂದರೇನು? 'ಸಮುದ್ರ' ಎಂಬ ಪದವೇ ಜನರ ಬಾಯಲ್ಲಿ ಸವೆದು 'ಸಂದ್ರ' ಆಗಿದೆ. ಹಿಂದಿನವರು ಕಟ್ಟಿಸಿದ ಕೆರೆಗೆ ಅಭಿಮಾನದಿಂದ ಸಮುದ್ರ ಎಂದು ಹೆಸರಿಡುತ್ತಿದ್ದರು. ಹೊಯ್ಸಳರ ರಾಜಧಾನಿ ಹಳೇಬೀಡಿನ ಹಳೆಯ ಹೆಸರು ದ್ವಾರಸಮುದ್ರ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಹಿಂದೆ ಇದ್ದದ್ದು ಧರ್ಮಾಂಬುಧಿ ಕೆರೆ. 'ಅಂಬುಧಿ' ಎಂದರೂ ಸಮುದ್ರವೇ! ಕೃಷ್ಣರಾಜ ಸಾಗರ, ವಾಣಿವಿಲಾಸ ಸಾಗರ, ಶಾಂತಿಸಾಗರ – ಇವುಗಳಲ್ಲಿರುವ 'ಸಾಗರ' ಕೂಡ ಇದೇ ಬಗೆಯದು.

ಹಾಗಾದರೆ ಕೆರೆಯನ್ನು ಸಮುದ್ರ ಎಂದು ಕರೆಯುವ ಅಭ್ಯಾಸ ನಮ್ಮದು ಮಾತ್ರವೇ? ಅಲ್ಲ. ಭೂಪಟದಲ್ಲಿ ಕ್ಯಾಸ್ಪಿಯನ್ ಸಮುದ್ರವನ್ನು ಹುಡುಕಿ. ಅದರ ಸುತ್ತಲೂ ನೆಲವೇ ಇದೆ. ಯಾವ ಸಾಗರಕ್ಕೂ ಅದು ಕೂಡಿಕೊಂಡಿಲ್ಲ. ಹೆಸರು ಸಮುದ್ರವಾದರೂ ಅದು ಪ್ರಪಂಚದ ಅತಿ ದೊಡ್ಡ ಸರೋವರ. ಅದರ ವಿಸ್ತೀರ್ಣ ಸುಮಾರು 3.7 ಲಕ್ಷ ಚದರ ಕಿ.ಮೀ. ಎಂದರೆ ಸುಮಾರು ಎರಡು ಕರ್ನಾಟಕದಷ್ಟು!

ಸರೋವರ ಬೇರೆ, ಜಲಾಶಯ ಬೇರೆ

ನಿಸರ್ಗವೇ ಮಾಡಿದ ತಗ್ಗಿನಲ್ಲಿ ನೀರು ನಿಂತರೆ ಅದು ಸರೋವರ. ಮನುಷ್ಯರು ಹರಿಯುವ ನೀರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ ನಿಲ್ಲಿಸಿದರೆ ಅದು ಜಲಾಶಯ.

ಉತ್ತರ ಅಮೆರಿಕದ ಸುಪೀರಿಯರ್ ಸರೋವರ ಸಿಹಿನೀರಿನ ಸರೋವರಗಳಲ್ಲಿ ಅತ್ಯಂತ ವಿಶಾಲವಾದದ್ದು. ಸುಮಾರು 82,000 ಚದರ ಕಿ.ಮೀ. ಹರಡಿದೆ. ಹಿಮಯುಗದಲ್ಲಿ ಭಾರಿ ಹಿಮರಾಶಿಗಳು ನೆಲವನ್ನು ಕೆರೆದು ಮಾಡಿದ ತಗ್ಗು ಅದು. ರಷ್ಯಾದ ಬೈಕಲ್ ಸರೋವರ ಭೂಮಿಯ ಹೊರಪದರ ಸೀಳಿ ಕುಸಿದ ಕಡೆ ಉಂಟಾದದ್ದು. ಅದು ಪ್ರಪಂಚದ ಅತಿ ಆಳದ ಸರೋವರ. ಆಳ 1,642 ಮೀಟರ್! ನಮ್ಮ ನಂದಿಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,478 ಮೀಟರ್ ಎತ್ತರ. ಅಷ್ಟು ಎತ್ತರದ ಬೆಟ್ಟವನ್ನು ಬೈಕಲ್‌ನ ತಳದಲ್ಲಿಟ್ಟರೆ ಅದರ ತುದಿಯೂ ಕಾಣಿಸದು.

ಈಗ ನಮ್ಮ ಊರಿಗೆ ಬನ್ನಿ. ಬೆಂಗಳೂರಿನ ನೆಲ ಬಹಳ ಹಳೆಯ ಗಟ್ಟಿ ಬಂಡೆಯ ಪ್ರಸ್ಥಭೂಮಿ. ಇಲ್ಲಿ ಹಿಮರಾಶಿ ಕೊರೆದ ಹಳ್ಳವಿಲ್ಲ, ನೆಲ ಸೀಳಿ ಆದ ಕಂದಕವೂ ಇಲ್ಲ. ಬಿದ್ದ ಮಳೆ ಇಳಿಜಾರು ಹಿಡಿದು ಹರಿದು ಹೋಗುತ್ತದೆ. ದೊಡ್ಡ ನದಿಯೂ ಊರೊಳಗೆ ಹರಿಯುವುದಿಲ್ಲ. ಆದ್ದರಿಂದ ಹಿಂದಿನವರು ಒಂದು ಉಪಾಯ ಮಾಡಿದರು. ತಗ್ಗುಗಳಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಮಳೆನೀರನ್ನು ಹಿಡಿದರು. ಬೆಳ್ಳಂದೂರು, ವರ್ತೂರು, ಹೆಬ್ಬಗೋಡಿ, ಶಿವಪುರ – ಹೀಗೆ ನೀವು ನೋಡುವ ಕೆರೆಗಳೆಲ್ಲ ಮನುಷ್ಯರ ಕೈಕೆಲಸ. ಲೆಕ್ಕಕ್ಕೆ ತೆಗೆದುಕೊಂಡರೆ ಪ್ರತಿ ಕೆರೆಯೂ ಒಂದು ಪುಟ್ಟ ಜಲಾಶಯ.

ಇದು ನಿನ್ನೆ ಮೊನ್ನೆಯ ಕೆಲಸವಲ್ಲ. ಬೆಳ್ಳಂದೂರಿಗೆ ಮೇಲಿರುವ ಅಗರ ಊರಿನಲ್ಲಿ ಗಂಗರ ಕಾಲದ, ಸುಮಾರು 9ನೇ ಶತಮಾನದ ಶಾಸನವಿದೆ. ಕೆರೆಗೆ ತೂಬು ಮಾಡಿಸಿದ ಸಂಗತಿ ಅದರಲ್ಲಿದೆ. ಎಂದರೆ ಸಾವಿರ ವರ್ಷಕ್ಕೂ ಹಿಂದೆಯೇ ಇಲ್ಲಿನ ಜನ ಕೆರೆ ಕಟ್ಟುವ ವಿದ್ಯೆ ಬಲ್ಲವರಾಗಿದ್ದರು.

ಕೆರೆಯ ಅಂಗಾಂಗಗಳು

ನಮ್ಮ ದೇಹಕ್ಕೆ ಕಣ್ಣು, ಬಾಯಿ, ಹೊಟ್ಟೆ ಇರುವಂತೆ ಕೆರೆಗೂ ಅಂಗಗಳಿವೆ.

ಏರಿ: ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ದಿಬ್ಬ. ನೀರಿನ ಕಡೆಗೆ ಕಲ್ಲು ಹೊದಿಸಿರುತ್ತಾರೆ. ಇಲ್ಲದಿದ್ದರೆ ಅಲೆಗಳು ಮಣ್ಣನ್ನು ಕೊರೆದುಬಿಡುತ್ತವೆ.

ತೂಬು: ಗದ್ದೆಗೆ ಬೇಕಾದಷ್ಟೇ ನೀರು ಬಿಡುವ ಕಿಂಡಿ. ಅದನ್ನು ತೆರೆದು ಮುಚ್ಚುವ ಕೆಲಸ ನೀರಗಂಟಿಯದು.

ಕೋಡಿ: ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿಯುವ ದಾರಿ. ಕೋಡಿ ಇಲ್ಲದಿದ್ದರೆ ನೀರು ಏರಿಯ ಮೇಲೇ ಹತ್ತಿ ಅದನ್ನು ಒಡೆದುಬಿಡುತ್ತದೆ.

ರಾಜಕಾಲುವೆ: ಮೇಲಿನ ಕೆರೆಯ ಕೋಡಿ ನೀರನ್ನು ಕೆಳಗಿನ ಕೆರೆಗೆ ಒಯ್ಯುವ ಕಾಲುವೆ.

ಅಚ್ಚುಕಟ್ಟು: ಕೆರೆಯ ನೀರಿನಿಂದ ಬೆಳೆ ಬೆಳೆಯುವ ಜಮೀನು.

ಹೀಗೆ ಒಂದರ ಕೋಡಿ ಇನ್ನೊಂದರ ಬಾಯಿಗೆ ಸೇರಿ ಕೆರೆಗಳ ಸರಪಳಿ ಆಗುತ್ತದೆ. ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆ? ಕೆಳಗಿನ ಕೆರೆ ಬತ್ತುತ್ತದೆ, ಮೇಲಿನ ಕೆರೆ ಉಕ್ಕುತ್ತದೆ. ಇದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಒಂದೇ ಮೋಡದ ಎರಡು ಹನಿ

ಬೆಂಗಳೂರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಎತ್ತರದ ನೆಲದ ಒಂದು ಏಣು ಹಾದುಹೋಗಿದೆ. ಮನೆಯ ಚಾವಣಿಯ ನಡುವಿನ ಏಣಿನಂತೆ ಎಂದುಕೊಳ್ಳಿ. ಒಂದೇ ಮೋಡದಿಂದ ಎರಡು ಹನಿ ಬಿದ್ದವು. ಒಂದು ಏಣಿನ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಅವು ಮತ್ತೆ ಭೇಟಿಯಾಗುವುದು ಬಂಗಾಳ ಕೊಲ್ಲಿಯಲ್ಲೇ!

ಪೂರ್ವದ ಹನಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರು ಕೆರೆಗೆ ಬರುತ್ತದೆ. ಅಲ್ಲಿಂದ ಕೋಡಿ ದಾಟಿ ವರ್ತೂರು ಕೆರೆಗೆ, ಮುಂದೆ ದಕ್ಷಿಣ ಪಿನಾಕಿನಿ ನದಿಗೆ ಸೇರುತ್ತದೆ. ಹೆಬ್ಬಾಳ ಕಣಿವೆಯ ನೀರೂ, ಎಲೆಕ್ಟ್ರಾನಿಕ್ ಸಿಟಿಯ ಆಚೆಗಿನ ಹುಸ್ಕೂರು, ಮುತ್ತಾನಲ್ಲೂರು ಕೆರೆಗಳ ನೀರೂ ಇದೇ ನದಿಯ ಕಡೆಗೆ ಹರಿಯುತ್ತವೆ. ದಕ್ಷಿಣ ಪಿನಾಕಿನಿ ತಮಿಳುನಾಡಿಗೆ ಹೋಗಿ ಕಡಲೂರಿನ ಬಳಿ ಸಮುದ್ರ ಸೇರುತ್ತದೆ.

ಪಶ್ಚಿಮದ ಹನಿ ವೃಷಭಾವತಿಗೆ ಇಳಿಯುತ್ತದೆ. ಪೀಣ್ಯದ ಒಂದು ಭಾಗದ ನೀರು ಹೋಗುವುದು ಈ ದಾರಿಯಲ್ಲೇ. ವೃಷಭಾವತಿ ಬಿಡದಿಯ ಹತ್ತಿರದ ಬೈರಮಂಗಲ ಕೆರೆಯನ್ನು ಹಾದು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ.

ನಿಮ್ಮ ಶಾಲೆಯ ಅಂಗಳದಲ್ಲಿ ಬಿದ್ದ ಹನಿ ಯಾವ ಕಡೆಗೆ ಹೋಗುತ್ತದೆ? ನಿಮ್ಮ ಗುರುಗಳನ್ನು ಕೇಳಿ, ಭೂಪಟ ನೋಡಿ ಪತ್ತೆ ಮಾಡಿ.

ಬನ್ನಿ, ಲೆಕ್ಕ ಹಾಕೋಣ

ಬೆಳ್ಳಂದೂರು ಕೆರೆ ಬೆಂಗಳೂರಿನ ಅತಿ ದೊಡ್ಡ ಕೆರೆ. ಸುಮಾರು 900 ಎಕರೆ. ವರ್ತೂರು ಕೆರೆ ಅದರ ಅರ್ಧದಷ್ಟಿದೆ. 900 ಎಕರೆ ಎಂದರೆ ಸುಮಾರು 36.4 ಲಕ್ಷ ಚದರ ಮೀಟರ್. ಅದರಲ್ಲಿ ನೀರು ಒಂದೇ ಮೀಟರ್ ಆಳ ನಿಂತಿದೆ ಎಂದುಕೊಳ್ಳೋಣ. ಆಗ ನೀರಿನ ಪ್ರಮಾಣ 36.4 ಲಕ್ಷ ಘನ ಮೀಟರ್. ಒಂದು ಘನ ಮೀಟರ್ ಎಂದರೆ 1,000 ಲೀಟರ್. ಅಲ್ಲಿಗೆ 364 ಕೋಟಿ ಲೀಟರ್ ಆಯಿತು.

ಪತ್ರಿಕೆಗಳಲ್ಲಿ 'ಟಿಎಂಸಿ' ಎಂಬ ಪದ ಓದಿರುತ್ತೀರಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ ನೀರು. ಲೀಟರಿನಲ್ಲಿ ಹೇಳಿದರೆ ಸುಮಾರು 2,830 ಕೋಟಿ ಲೀಟರ್. ಕೃಷ್ಣರಾಜ ಸಾಗರ ತುಂಬಿದಾಗ 49 ಟಿಎಂಸಿಗೂ ಸ್ವಲ್ಪ ಹೆಚ್ಚು ನೀರು ಹಿಡಿಸುತ್ತದೆ. ಶರಾವತಿ ನದಿಯ ಲಿಂಗನಮಕ್ಕಿಯಲ್ಲಿ ಅದರ ಮೂರರಷ್ಟು, ಸುಮಾರು 151 ಟಿಎಂಸಿ ನಿಲ್ಲುತ್ತದೆ. ಆಫ್ರಿಕಾದ ಜಾಂಬೆಜಿ ನದಿಯ ಕರೀಬಾ ಜಲಾಶಯ ನೀರಿನ ಪ್ರಮಾಣದಲ್ಲಿ ಪ್ರಪಂಚದಲ್ಲೇ ದೊಡ್ಡದು. ಅದು ಸುಮಾರು 130 ಕೃಷ್ಣರಾಜ ಸಾಗರಗಳಿಗೆ ಸಮ!

ಈಗ ಇನ್ನೊಂದು ಲೆಕ್ಕ. ಬೆಳ್ಳಂದೂರು ಕೆರೆಗೆ ನೀರು ಹರಿದು ಬರುವ ಪ್ರದೇಶ ಸುಮಾರು 148 ಚದರ ಕಿ.ಮೀ. ಅಷ್ಟೂ ಜಾಗದಲ್ಲಿ ಒಂದೇ ಒಂದು ಸೆಂಟಿಮೀಟರ್ ಮಳೆ ಬಿದ್ದು, ಎಲ್ಲವೂ ಕೆರೆಗೆ ಹರಿದರೆ ಎಷ್ಟಾಗುತ್ತದೆ? 148 ಕೋಟಿ ಲೀಟರ್! ಕೆರೆಯ ನೀರಿನ ಮಟ್ಟ ಸುಮಾರು 40 ಸೆಂಟಿಮೀಟರ್ ಏರುತ್ತದೆ.

ಹಿಂದೆ ಹೊಲ, ತೋಪು, ಗೋಮಾಳಗಳು ಇದ್ದಾಗ ಮಳೆಯ ಬಹುಭಾಗ ನೆಲದಲ್ಲೇ ಇಂಗುತ್ತಿತ್ತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ, ಎಲೆಕ್ಟ್ರಾನಿಕ್ ಸಿಟಿ ಬಂದವು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ನಲ್ಲಿ ಐಟಿ ಪಾರ್ಕ್ ಬಂತು. ದುಡಿಮೆ ಬಂತು, ಮನೆಗಳು ಬಂದವು, ರಸ್ತೆಗಳು ಬಂದವು. ಜೊತೆಗೆ ನೆಲಕ್ಕೆ ಕಾಂಕ್ರೀಟ್ ಮುಚ್ಚಿತು. ಕೆಲವು ರಾಜಕಾಲುವೆಗಳು ಕಿರಿದಾದವು, ಕೆಲವು ಮುಚ್ಚಿಯೇ ಹೋದವು. ಆದರೆ ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರ್ ಆರಂಭದಲ್ಲಿ ಒಂದೇ ದಿನದಲ್ಲಿ ಸುಮಾರು 13 ಸೆಂಟಿಮೀಟರ್ ಮಳೆ ಸುರಿಯಿತು. ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆಯ ಕಡೆ ಬೀದಿಗಳೇ ಕೆರೆಗಳಾದವು. ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ದಾಟಿಸಬೇಕಾಯಿತು. ಸರಪಳಿಯ ಕೊಂಡಿ ಕಳಚಿದರೆ ಏನಾಗುತ್ತದೆಂದು ಆಗಲೇ ಹೇಳಿದೆವಲ್ಲ?

ನೊರೆ ಬಂದದ್ದು ಹೇಗೆ? ಬೆಂಕಿ ಹತ್ತಿದ್ದು ಹೇಗೆ?

ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ಹತ್ತಿಯ ರಾಶಿಯಂಥ ಬಿಳಿ ನೊರೆ ಎದ್ದು ರಸ್ತೆಗೆ ಹಾರಿದ ಸುದ್ದಿ ದೇಶವಿದೇಶಗಳಿಗೆಲ್ಲ ಮುಟ್ಟಿತ್ತು. ನೋಡಲು ಹಿಮದಂತೆ ಅಂದವಾಗಿದ್ದರೂ ಅದು ಕೆರೆಯ ಕಾಯಿಲೆಯ ಗುರುತು.

ಸೋಪಿನ ಪುಡಿಯ ಅಣುವಿಗೆ ಒಂದು ತಲೆ, ಒಂದು ಬಾಲ ಇದೆ. ತಲೆಗೆ ನೀರೆಂದರೆ ಇಷ್ಟ. ಬಾಲಕ್ಕೆ ನೀರೆಂದರೆ ಆಗದು, ಜಿಡ್ಡು ಇಷ್ಟ. ಬಟ್ಟೆಯ ಜಿಡ್ಡನ್ನು ಬಾಲ ಹಿಡಿದುಕೊಳ್ಳುತ್ತದೆ, ತಲೆ ನೀರಿನ ಕಡೆಗೆ ಎಳೆಯುತ್ತದೆ. ಕೊಳೆ ಹೋಗುವುದು ಹೀಗೆ. ಸೋಪು ಬೆರೆತ ನೀರು ಗಾಳಿಯೊಡನೆ ಕಲಕಿದರೆ ಈ ಅಣುಗಳು ಗಾಳಿಯ ಗುಳ್ಳೆಯ ಸುತ್ತ ತೆಳು ಪೊರೆ ಕಟ್ಟುತ್ತವೆ. ಅದೇ ನೊರೆ. ಲಕ್ಷಾಂತರ ಮನೆಗಳ ಬಚ್ಚಲ ನೀರು ಶುದ್ಧವಾಗದೆ ಕೆರೆಗೆ ಬಂದು, ಕೋಡಿಯಲ್ಲಿ ಧುಮುಕಿ ಕಲಕಿದಾಗ ಬೆಟ್ಟದಷ್ಟು ನೊರೆ ಎದ್ದಿತು.

ಚರಂಡಿ ನೀರಿನ ಜೊತೆ ಸಾರಜನಕ, ರಂಜಕಗಳೂ ಬರುತ್ತವೆ. ಇವು ಗಿಡಗಳಿಗೆ ಗೊಬ್ಬರ. ಆದ್ದರಿಂದ ನೀರಿನ ಮೇಲೆ ಕಳೆ ಹುಲುಸಾಗಿ ಬೆಳೆದು ಬಿಸಿಲನ್ನು ಮುಚ್ಚುತ್ತದೆ. ಕಳೆ ಸತ್ತು ತಳ ಸೇರಿ ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಖರ್ಚಾಗುತ್ತದೆ. ಮೀನುಗಳಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಬೆಳೆದು ಮೀಥೇನ್ ಎಂಬ ಅನಿಲವನ್ನು ಬಿಡುತ್ತವೆ. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ ಮೀಥೇನ್. 2015ರ ಮೇ, 2017ರ ಫೆಬ್ರವರಿ ಮತ್ತು 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಣಗಿದ ಕಳೆ, ಕಸ, ಉರಿಯುವ ಅನಿಲ ಎಲ್ಲ ಇದ್ದ ಕಡೆ ಒಂದು ಕಿಡಿ ಸಾಕಲ್ಲವೇ? 2018ರಲ್ಲಿ ಬೆಂಕಿ ಆರಿಸಲು ಸೈನಿಕರೂ ಬರಬೇಕಾಯಿತು. ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಂತೆ ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ಕೆಲಸವನ್ನು ಕೈಗೆತ್ತಿಕೊಳ್ಳಲಾಯಿತು.

ಕಾರ್ಖಾನೆಗಳ ಕಡೆ ಇನ್ನೊಂದು ಬಗೆಯ ತೊಂದರೆ ಇದೆ. ಪೀಣ್ಯದ ಕೆಲವೆಡೆ ಅಂತರ್ಜಲದಲ್ಲಿ ಕ್ರೋಮಿಯಂ ಎಂಬ ಲೋಹ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಲೋಹಗಳಿಗೆ ಹೊಳಪಿನ ಲೇಪ ಕೊಡುವ ಕೆಲಸದಲ್ಲಿ ಇದನ್ನು ಬಳಸುತ್ತಾರೆ. ಒಂದು ವಿಷಯ ಗಮನಿಸಿ: ನೀರು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಲೋಹ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಲೋಹ ಪಾತ್ರೆಯಲ್ಲೇ ಉಳಿಯುತ್ತದೆ. ಆದ್ದರಿಂದಲೇ ಕಾರ್ಖಾನೆಯ ನೀರನ್ನು ಅಲ್ಲಿಯೇ ಶುದ್ಧಮಾಡಿ ಬಿಡಬೇಕು. ಒಮ್ಮೆ ನೆಲಕ್ಕೆ ಇಳಿದರೆ ತೆಗೆಯುವುದು ಬಹಳ ಕಷ್ಟ.

ನಲ್ಲಿಯ ನೀರಿನ ಪಯಣ

ಬೆಂಗಳೂರು ಬೆಳೆದಂತೆ ಕೆರೆಯ ನೀರು ಸಾಲದಾಯಿತು. 1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಅರ್ಕಾವತಿ ನದಿಯ ಹೆಸರಘಟ್ಟದಲ್ಲಿ ಜಲಾಶಯ ಸಿದ್ಧವಾಯಿತು. ಅದೂ ಸಾಲದೆ 1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜ ಸಾಗರ ಸಿದ್ಧವಾಯಿತು. ಮುಂದೆ ಈ ನದಿಗಳ ಹರಿವೇ ಕ್ಷೀಣಿಸಿತು. ಮೇಲಿನ ಹಳ್ಳಕೊಳ್ಳಗಳು ಕಟ್ಟಿಹೋಗಿ, ಕೊಳವೆಬಾವಿಗಳು ನೆಲದೊಳಗಿನ ನೀರನ್ನು ಹೀರಿದರೆ ನದಿಗೆ ನೀರು ಎಲ್ಲಿಂದ ಬರಬೇಕು?

1974ರಲ್ಲಿ ಕಾವೇರಿ ನೀರು ಬೆಂಗಳೂರಿಗೆ ಬಂತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಮೂರು ಹಂತಗಳಲ್ಲಿ ಪಂಪ್ ಮಾಡಿ ನೂರಾರು ಮೀಟರ್ ಮೇಲಕ್ಕೆ ಏರಿಸಿ ತರುತ್ತಾರೆ. ನದಿ ತಾನಾಗಿ ಬೆಟ್ಟ ಹತ್ತುವುದಿಲ್ಲ. ಅದಕ್ಕೆ ಹಗಲೂರಾತ್ರಿ ವಿದ್ಯುತ್ ಬೇಕು. 2024ರ ಬೇಸಗೆಯಲ್ಲಿ ನಗರದ ಹೊರವಲಯದಲ್ಲಿ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರ್‌ಗಾಗಿ ಕಾಯಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಆರಂಭವಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು, ನಗರಕ್ಕೆ ಸೇರಿದ ಹೊರವಲಯದ 110 ಹಳ್ಳಿಗಳಿಗಾಗಿ ತರುವ ಯೋಜನೆ ಅದು.

ಈಗ ಒಂದು ಒಗಟು. ವೈಟ್‌ಫೀಲ್ಡ್‌ನ ಮನೆಯೊಂದರಲ್ಲಿ ಕಾವೇರಿ ನೀರಿನಲ್ಲಿ ಪಾತ್ರೆ ತೊಳೆದರು. ಬಚ್ಚಲಿಗೆ ಹೋದ ಆ ನೀರು ಮತ್ತೆ ಕಾವೇರಿ ಸೇರುತ್ತದೆಯೇ? ಇಲ್ಲ! ವೈಟ್‌ಫೀಲ್ಡ್ ಇರುವುದು ಏಣಿನ ಪೂರ್ವಕ್ಕೆ. ಆದ್ದರಿಂದ ಅದು ಇಳಿಯುವುದು ದಕ್ಷಿಣ ಪಿನಾಕಿನಿಯ ಕಡೆಗೆ. ಒಂದು ನದಿಯ ನೀರು ನಮ್ಮ ನಲ್ಲಿಯ ಮೂಲಕ ಇನ್ನೊಂದು ನದಿಗೆ ಹೋಗುತ್ತಿದೆ.

ಬಳಸಿದ ನೀರನ್ನು ಮತ್ತೆ ಉಪಯೋಗಿಸುವ ಪ್ರಯತ್ನವೂ ನಡೆದಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧಮಾಡಿ, ಕೊಳವೆಗಳ ಮೂಲಕ ಬರದ ಜಿಲ್ಲೆಯಾದ ಕೋಲಾರದ ಕೆರೆಗಳಿಗೆ ಹರಿಸುವ ಕೆಲಸ 2018ರಲ್ಲಿ ಆರಂಭವಾಯಿತು. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಬತ್ತಿದ ಕೆರೆಗಳಲ್ಲಿ ನೀರು ನಿಂತಿತು, ಸುತ್ತಲ ಬಾವಿಗಳಲ್ಲಿ ನೀರಿನ ಮಟ್ಟ ಏರಿತು. ಈ ನೀರು ಕುಡಿಯಲು ಅಲ್ಲ. ಅದನ್ನು ಇನ್ನೂ ಒಂದು ಹಂತ ಶುದ್ಧಮಾಡಿ ಬಿಡಬೇಕು ಎಂದು ರೈತರು ಮತ್ತು ತಜ್ಞರು ಕೇಳುತ್ತ ಬಂದಿದ್ದಾರೆ.

ಒಂದು ಸಮುದ್ರ ಒಣಗಿದ ಕತೆ

ಮಧ್ಯ ಏಷ್ಯಾದಲ್ಲಿ ಅರಲ್ ಸಮುದ್ರ ಎಂಬ ಸರೋವರವಿತ್ತು. 1960ರ ಹೊತ್ತಿಗೆ ಅದು ಪ್ರಪಂಚದ ನಾಲ್ಕನೆಯ ದೊಡ್ಡ ಸರೋವರ. ಅದಕ್ಕೆ ನೀರು ತರುತ್ತಿದ್ದ ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು ಹತ್ತಿ ಬೆಳೆಯಲು ಕಾಲುವೆಗಳಿಗೆ ತಿರುಗಿಸಿದರು. ಬರುವ ನೀರು ಕಡಿಮೆಯಾಯಿತು, ಆವಿಯಾಗುವ ನೀರು ಹಾಗೇ ಮುಂದುವರಿಯಿತು. ವರ್ಷ ಕಳೆದಂತೆ ಸರೋವರ ಕುಗ್ಗಿ ಚೂರುಚೂರಾಯಿತು. ಉಪ್ಪು ಹೆಚ್ಚಿ ಮೀನುಗಳು ಸತ್ತವು. ಮೀನುಗಾರರ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿದು ನಿಂತವು. ಆಮೇಲೆ 2005ರಲ್ಲಿ ಉತ್ತರದ ಒಂದು ಭಾಗಕ್ಕೆ ಅಡ್ಡಗಟ್ಟೆ ಕಟ್ಟಿ ಮುಗಿಸಿದ ಮೇಲೆ ಆ ಭಾಗದಲ್ಲಿ ನೀರು ಏರಿತು, ಮೀನುಗಳೂ ಮರಳಿದವು.

ಅಷ್ಟು ದೊಡ್ಡ ಸರೋವರಕ್ಕೂ ನಿಮ್ಮೂರಿನ ಪುಟ್ಟ ಕೆರೆಗೂ ನಿಯಮ ಒಂದೇ. ನೀರು ಬರುವ ದಾರಿ ತೆರೆದಿರಬೇಕು, ಹೋಗುವ ದಾರಿ ತೆರೆದಿರಬೇಕು, ಬರುವ ನೀರು ಶುದ್ಧವಾಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕೆರೆ ಉಳಿಯದು.

ನಿಮಗಿದು ಗೊತ್ತೇ?

ಕ್ಯಾಸ್ಪಿಯನ್ ನೀರು ಉಪ್ಪಾಗಿರುವುದಕ್ಕೆ ಒಂದು ಕಾರಣ, ಅದಕ್ಕೆ 'ಕೋಡಿ' ಇಲ್ಲ. ನದಿಗಳು ತಂದ ಲವಣ ಹೊರಗೆ ಹೋಗಲಾರದೆ ಅಲ್ಲೇ ಉಳಿಯುತ್ತದೆ, ನೀರು ಮಾತ್ರ ಆವಿಯಾಗುತ್ತದೆ.

ಹೊಸಪೇಟೆಯ ತುಂಗಭದ್ರಾ ಜಲಾಶಯ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಸುತ್ತಿತ್ತು. ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಮಾತ್ರ ಹಿಡಿಸುತ್ತದೆ.

ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ!

ಮಾಡಿ ನೋಡಿ

1. ಬಾಯಿ ಮತ್ತು ತಳ ಒಂದೇ ಅಗಲ ಇರುವ ಡಬ್ಬಿಯನ್ನು ಬಯಲಿನಲ್ಲಿ ಇಡಿ. ಮಳೆ ನಿಂತ ಮೇಲೆ ಸ್ಕೇಲಿನಿಂದ ನೀರಿನ ಎತ್ತರ ಅಳೆಯಿರಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಶಾಲೆಯ ಚಾವಣಿಯ ಉದ್ದ, ಅಗಲ ಗುಣಿಸಿ, ಆ ದಿನ ಎಷ್ಟು ಲೀಟರ್ ನೀರು ಬಿತ್ತು ಎಂದು ಲೆಕ್ಕ ಹಾಕಿ. ಉತ್ತರ ನೋಡಿದರೆ ಬೆರಗಾಗುತ್ತೀರಿ.

2. ನಿಮ್ಮ ಊರಿನ ಹಿರಿಯರನ್ನು ಕೇಳಿ: ಊರಿನ ಕೆರೆಯ ಹೆಸರೇನು? ಏರಿ, ತೂಬು, ಕೋಡಿ ಎಲ್ಲಿದ್ದವು? ಕೋಡಿಯ ನೀರು ಯಾವ ಕೆರೆಗೆ ಹೋಗುತ್ತಿತ್ತು? ನೀರಗಂಟಿ ಯಾರ ಮನೆಯವರು? ಕೇಳಿದ್ದನ್ನೆಲ್ಲ ಬರೆದು ಒಂದು ನಕ್ಷೆ ಮಾಡಿ ತರಗತಿಯಲ್ಲಿ ತೂಗುಹಾಕಿ. ಕೆರೆಯ ಬಳಿಗೆ ಮಾತ್ರ ದೊಡ್ಡವರ ಜೊತೆಯಲ್ಲೇ ಹೋಗಿ.

ಕೆರೆ ಮುಚ್ಚಿಹೋಗಿದ್ದರೂ ನೀರಿನ ಹಳೆಯ ದಾರಿ ನೆಲದ ಇಳಿಜಾರಿನಲ್ಲಿ ಇದ್ದೇ ಇರುತ್ತದೆ. ಅದನ್ನು ಕಂಡವರು ಇನ್ನೂ ನಿಮ್ಮ ಊರಿನಲ್ಲಿದ್ದಾರೆ. ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ನಾಳೆ ಕಾಲುವೆ ಬಿಡಿಸುವವರಿಗೆ ನಿಮ್ಮ ನಕ್ಷೆ ಬೇಕಾದೀತು.